ಕಾಲಿಗೆ ನೀರು

ನಮ್ಮ ಬಣಕಲ್ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಆಡುವ ಮಾತು 'ಬನ್ನಿ' ಎಂಬುದು. ಮೊದಲು ಮಾಡುವ ಕೆಲಸ ಕಾಲಿಗೆ ನೀರು ಕೊಡುವುದು. ಜಗಲಿಯ ಅಂಚಿನಲ್ಲಿ ಒಂದು ತುಂಬಿದ ಹಂಡೆ, ಅದರ ಮೇಲೊಂದು ಚೊಂಬು. ಬಂದವರು ಕೈಕಾಲು ತೊಳೆದು ಮೇಲೆ ಬಂದು ಕುಳಿತ ಮೇಲೆ ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಲೋಟ ನೀರು. ಕುಶಲಪ್ರಶ್ನೆ, ಕಾಫಿ, ಊಟ ಎಲ್ಲವೂ ಆಮೇಲಿನವು. ಹುಡುಗನಾಗಿದ್ದಾಗ ಆ ಚೊಂಬನ್ನು ಒಯ್ದು ಕೊಡುವ ಕೆಲಸ ನನ್ನದಾಗಿತ್ತು. ಎಷ್ಟು ನೀರು ಕೊಡಬೇಕೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮನೆಯ ಹಿಂದಿನ ಗುಡ್ಡದ ಒರತೆಯಿಂದ ಅಡಕೆ ದಬ್ಬೆಯ ದೋಣಿಯಲ್ಲಿ ಹರಿದು ಬರುವ ನೀರು ಬಚ್ಚಲುಮನೆಯ ಕಲ್ಲುಬಾನಿಗೆ ಹಗಲೂ ರಾತ್ರಿಯೂ ಬೀಳುತ್ತಲೇ ಇರುತ್ತಿತ್ತು. ಅದರ ಸದ್ದು ನಮಗೆ ಕೇಳಿಸುತ್ತಿರಲಿಲ್ಲ. ದಬ್ಬೆ ಜಾರಿ ಸದ್ದು ನಿಂತಾಗ ಮಾತ್ರ ಮನೆಮಂದಿಗೆಲ್ಲ ಎಚ್ಚರವಾಗುತ್ತಿತ್ತು.

ಈಗ ನಾನು ಹೇಳಹೊರಟಿರುವುದು 2024ರ ಬೇಸಗೆಯಲ್ಲಿ ಬೆಂಗಳೂರಿನ ನನ್ನ ಮನೆಗೆ ಎರಡು ದಿನದ ಮಟ್ಟಿಗೆ ಬಂದುಹೋದ ಗೆಳೆಯರ ಸಂಗತಿ. ಅದರ ಜೊತೆಗೆ, ಈ ದೊಡ್ಡ ಊರು ತನ್ನಲ್ಲಿಗೆ ಬಂದವರಿಗೆ ನೀರು ಕೊಟ್ಟ ಚರಿತ್ರೆ. ಚರಿತ್ರೆಯನ್ನು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ನಿವೃತ್ತನಾದ ಮೇಲೂ ಮನೆಗೆ ಬಂದವರನ್ನು ವಿದ್ಯಾರ್ಥಿಗಳಂತೆ ಎದುರಿಗೆ ಕೂರಿಸಿಕೊಂಡು ಇಸವಿಗಳನ್ನು ಹೇಳುವ ಚಾಳಿ ಬಿಟ್ಟಿಲ್ಲ. ಕೇಳುಗರು ಸಹಿಸಿಕೊಳ್ಳಬೇಕು.

ಆ ವರ್ಷದ ಬೇಸಗೆಯನ್ನು ಬೆಂಗಳೂರಿನವರು ಬೇಗ ಮರೆಯಲಾರರು. 2023ರ ಮುಂಗಾರು ಕೈಕೊಟ್ಟು ನಾಡಿನ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕೈತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡವೆಂದು ಸಾರಿತು. ನಮ್ಮ ಮನೆಯ ಕೊಳವೆಬಾವಿ ಫೆಬ್ರವರಿಯಲ್ಲೇ ಗಾಳಿಯನ್ನು ಉಗುಳತೊಡಗಿತ್ತು. ಉಳಿದದ್ದು ದಿನ ಬಿಟ್ಟು ದಿನ ಬರುವ ಕಾವೇರಿ ನೀರು. ಮನೆಯಲ್ಲಿ ಬಕೆಟ್ಟುಗಳಿಗೆ ಹೆಸರು ಬಿದ್ದಿದ್ದವು: ಇದು ಸ್ನಾನದ್ದು, ಇದು ಪಾತ್ರೆಯದು, ಇದು ಪಾತ್ರೆ ತೊಳೆದ ನೀರನ್ನು ಹಿಡಿದಿಟ್ಟು ಕಕ್ಕಸಿಗೆ ಹಾಕುವುದು.

ಇಂಥ ಹೊತ್ತಿನಲ್ಲಿ ಊರಿನಿಂದ ನನ್ನ ಬಾಲ್ಯದ ಗೆಳೆಯನ ದೂರವಾಣಿ ಕರೆ ಬಂತು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ನಾನು ಪುಸ್ತಕ ಹಿಡಿದುಕೊಂಡು ಊರು ಬಿಟ್ಟೆ, ಅವನು ಕತ್ತಿ ಹಿಡಿದುಕೊಂಡು ತೋಟದಲ್ಲಿ ಉಳಿದ. ಏಪ್ರಿಲ್ 26ರ ಶುಕ್ರವಾರ ಲೋಕಸಭೆಗೆ ಮತ ಹಾಕಿ, ಅಂದೇ ರಾತ್ರಿ ಬಸ್ಸು ಹತ್ತಿ ಹೆಂಡತಿಯೊಡನೆ ಬರುವುದಾಗಿಯೂ, ಶನಿವಾರ ಭಾನುವಾರ ಇದ್ದು ಹಿಂತಿರುಗುವುದಾಗಿಯೂ ಹೇಳಿದ. ಕೆಲಸವೇನೂ ಇರಲಿಲ್ಲ. 'ನಿನ್ನನ್ನು ನೋಡಿ ಆರು ವರ್ಷವಾಯಿತು' ಎಂಬುದೇ ಕಾರಣ.

ನಾನು ಕೊಟ್ಟ ಉತ್ತರವನ್ನು ಇಲ್ಲಿ ಹೇಳಲು ಈಗಲೂ ನಾಚಿಕೆಯಾಗುತ್ತದೆ. 'ಒಂದು ಮಳೆ ಬೀಳಲಿ, ಆಮೇಲೆ ಬಂದರೆ ತಂಪಾಗಿರುತ್ತದೆ' ಎಂದೆ. ಅವನು ಕ್ಷಣಹೊತ್ತು ಸುಮ್ಮನಿದ್ದು, 'ಮಳೆ ಬಿದ್ದ ಮೇಲೆ ನಮಗೆ ತೋಟ ಬಿಟ್ಟು ಬರಲಾಗುತ್ತದೆಯೇ?' ಎಂದ. ಹೌದು, ಕಾಫಿ ಬೆಳೆಯುವವರ ಪಂಚಾಂಗವೇ ಬೇರೆ. ನವೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು. ಆಮೇಲೆ ಹೂಮಳೆಯ ನಿರೀಕ್ಷೆ. ಜೂನಿನಿಂದ ಮುಂಗಾರು ಹಿಡಿದುಕೊಂಡರೆ ಮನೆ ಬಿಟ್ಟು ಕದಲುವಂತಿಲ್ಲ. ಏಪ್ರಿಲ್ ಮೇ ತಿಂಗಳಿನ ಕೆಲವು ದಿನಗಳಷ್ಟೇ ಅವರಿಗೆ ನೆಂಟಸ್ತಿಕೆಯ ಕಾಲ. ಇದನ್ನೆಲ್ಲ ಬಲ್ಲ ನಾನು ಮಳೆಯ ನೆಪ ಹೇಳಿದ್ದೆ. ಫೋನು ಕೆಳಗಿಟ್ಟಾಗ ನನ್ನ ಹೆಂಡತಿ, 'ನಿಮ್ಮ ತಾಯಿ ಇದ್ದಿದ್ದರೆ ಏನೆನ್ನುತ್ತಿದ್ದರು?' ಎಂದಷ್ಟೇ ಕೇಳಿದಳು.

ಶನಿವಾರ ಬೆಳಗಿನ ಜಾವ ಅವರನ್ನು ಎದುರುಗೊಳ್ಳಲು ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಹೋದೆ. ಕಾಯುತ್ತ ನಿಂತಾಗ, ಇಲ್ಲಿಗೆ ಬಂದಿಳಿಯುವ ಲಕ್ಷಾಂತರ ಜನ ಒಂದು ಕೆರೆಯ ಅಂಗಳದಲ್ಲಿ ಕಾಲಿಡುತ್ತಾರೆಂಬುದು ನೆನಪಾಯಿತು. ಬಸ್ ನಿಲ್ದಾಣವಿರುವುದು ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ. ನದಿಯಿಲ್ಲದ ಎತ್ತರದ ಬಯಲಿನಲ್ಲಿ ಹದಿನಾರನೆಯ ಶತಮಾನದಲ್ಲಿ ಊರು ಕಟ್ಟಿದ ಕೆಂಪೇಗೌಡರಿಗೂ ಅವರ ನಂತರದವರಿಗೂ ಕೆರೆಯನ್ನು ಬಿಟ್ಟರೆ ಗತಿಯಿರಲಿಲ್ಲ. ಪೇಟೆಯ ಸುತ್ತ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಎಂದು ಕೆರೆಗಳು. ಬೀದಿಬೀದಿಗೆ ಬಾವಿಗಳು, ಕಲ್ಯಾಣಿಗಳು. ಬೇರೆ ಊರಿನಿಂದ ಬಂದ ವ್ಯಾಪಾರಿ ಕೆರೆಯ ಏರಿಯ ಮೇಲೆ ಎತ್ತು ಬಿಚ್ಚಿ, ಕಾಲು ತೊಳೆದು ಊರೊಳಗೆ ಬರುತ್ತಿದ್ದ. ದಾರಿಯುದ್ದಕ್ಕೂ ಬೇಸಗೆಯಲ್ಲಿ ಅರವಟ್ಟಿಗೆಗಳು. ಅರವಟ್ಟಿಗೆ ಹೊಸ ಪದವಲ್ಲ. ಅರವಂಟಿಗೆಗೆಂದು ಭೂಮಿ ಬಿಟ್ಟ ದತ್ತಿಗಳು ನಮ್ಮ ಹಳೆಯ ಶಾಸನಗಳಲ್ಲಿ ಬರುತ್ತವೆ. ದೇಗುಲಕ್ಕೆ, ಕೆರೆಗೆ, ಕಾಳಗದಲ್ಲಿ ಮಡಿದ ವೀರನ ಮನೆಯವರಿಗೆ ಕೊಟ್ಟಂತೆ, ಹೆಸರು ಗೊತ್ತಿಲ್ಲದ ದಾರಿಹೋಕನ ಬಾಯಾರಿಕೆಗೂ ಕಲ್ಲಿನ ಮೇಲೆ ಬರೆದು ಕೊಟ್ಟರು ನಮ್ಮ ಹಿರಿಯರು.

ರೈಲು ಬಂದ ಮೇಲೆ ಹೊರಗಿನಿಂದ ಬರುವವರ ಸಂಖ್ಯೆ ಹೆಚ್ಚಿತು. ಆಗ ಧರ್ಮಾತ್ಮರು ಛತ್ರಗಳನ್ನು ಕಟ್ಟಿಸಿದರು. ರೈಲು ನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿ, 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡ ಛತ್ರದ ಹೆಸರನ್ನು ಕೇಳದವರಿಲ್ಲ. ನನ್ನ ತಂದೆ ಕಾಫಿ ಮಂಡಳಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ತಂಗುತ್ತಿದ್ದದ್ದು ಛತ್ರಗಳಲ್ಲಿ. 1942ರ ಕಾಯಿದೆಯಂತೆ ಬೆಳೆಗಾರರ ಕಾಫಿಯನ್ನೆಲ್ಲ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಕಾಲವದು. ಹಣ ಕಂತುಕಂತಾಗಿ ಬರುತ್ತಿತ್ತು. ಬಾರದಿದ್ದಾಗ ವಿಚಾರಿಸಿಕೊಂಡು ಹೋಗಲು ಬೆಂಗಳೂರಿಗೆ ಬರಬೇಕಾಗುತ್ತಿತ್ತು. ಹಿಂದಿರುಗಿದ ತಂದೆ ವಿಧಾನಸೌಧವನ್ನು ವರ್ಣಿಸುತ್ತಿರಲಿಲ್ಲ. 'ಕೊಳಾಯಿ ತಿರುಗಿಸಿದರೆ ನೀರು, ನಿಲ್ಲಿಸಿದರೆ ನಿಲ್ಲುತ್ತದೆ' ಎನ್ನುತ್ತಿದ್ದರು. ನಿಲ್ಲುವುದೇ ಅವರಿಗೆ ಸೋಜಿಗ.

ಆ ಕೊಳಾಯಿಯ ಕಥೆಯೂ ಬರದಿಂದಲೇ ಪ್ರಾರಂಭವಾಗುತ್ತದೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಬೆಂಗಳೂರಿನ ಕೆರೆಗಳು ಬತ್ತಿದವು. 1882ರಲ್ಲಿ ಸ್ಯಾಂಕಿ ಕೆರೆಯಾಯಿತು, ಸಾಲಲಿಲ್ಲ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಊರಿನಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯನ್ನು ತಡೆದು, ಉಗಿಯಂತ್ರಗಳಿಂದ ಮೇಲೆತ್ತಿ, 1896ರಲ್ಲಿ ನಗರಕ್ಕೆ ನೀರು ತಂದರು. ಎರಡು ವರ್ಷಗಳಲ್ಲೇ, 1898ರಲ್ಲಿ, ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಿಂದ ಜನ ಹೊರಬಿದ್ದು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮನೆಗೊಂದು ಹಿತ್ತಿಲು, ಹಿತ್ತಿಲಿಗೊಂದು ಬಾವಿ, ನಲ್ಲಿಯಲ್ಲಿ ಹೆಸರಘಟ್ಟದ ನೀರು. ಹಳೆಯ ಬೆಂಗಳೂರಿನವರು ಇಂದಿಗೂ ಹೇಳಿಕೊಳ್ಳುವ ಅತಿಥಿಸತ್ಕಾರದ ಕಾಲ ಅದು. ಒಂದು ಮಾತು ಮಾತ್ರ ನೆನಪಿಡಬೇಕು: 1901ರಲ್ಲಿ ನಗರದ ಜನಸಂಖ್ಯೆ ಒಂದೂವರೆ ಲಕ್ಷಕ್ಕೆ ತುಸು ಮೇಲೆ. ಮನುಷ್ಯರ ಔದಾರ್ಯವನ್ನು ಅಳೆಯುವಾಗ ಬಾವಿಯ ಆಳವನ್ನೂ ಜೊತೆಗೆ ಅಳೆಯುವುದು ಚರಿತ್ರಕಾರನ ಕರ್ತವ್ಯ.

1920ರ ದಶಕದಲ್ಲಿ ಹೆಸರಘಟ್ಟವೂ ಬತ್ತಿತು. ಮತ್ತೆ ಸಮಿತಿ, ಮತ್ತೆ ಯೋಜನೆ. ಅರ್ಕಾವತಿಯನ್ನು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವಾಯಿತು. ಅದೂ ಸಾಲದೆಹೋದಾಗ, 1964ರಲ್ಲಿ ಹುಟ್ಟಿದ ಜಲಮಂಡಳಿಯು ಕಾವೇರಿಯ ಕಡೆ ತಿರುಗಿತು. ಶಿವನಸಮುದ್ರದ ಬಳಿ ನದಿಗೆ ಅಡ್ಡ ಹಾಕಿದ ಶಿವಾ ಅಣೆಯಿಂದ ತೊರೆಕಾಡನಹಳ್ಳಿಗೆ, ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಕೊಟ್ಟದ್ದೂ ಆ ಶಿವನಸಮುದ್ರವೇ. 1974ರಲ್ಲಿ ಮೊದಲ ಹಂತದ ನೀರು, ದಿನಕ್ಕೆ 13 ಕೋಟಿ 50 ಲಕ್ಷ ಲೀಟರು, ನಗರಕ್ಕೆ ಬಂತು.

ಕಾವೇರಿಯೂ ನಾನೂ ಒಂದೇ ವರ್ಷ ಬೆಂಗಳೂರಿಗೆ ಬಂದವರು. ಬಿ.ಎ. ಓದಲು ಬಂದ ನಾನು ಒಂದು ವಠಾರದ ಕೋಣೆಯಲ್ಲಿದ್ದೆ. ಎಂಟು ಮನೆಗಳಿಗೆ ಒಂದು ನಲ್ಲಿ, ಅಂಗಳದಲ್ಲಿ ಒಂದು ಬಾವಿ. ಊರಿನಿಂದ ಆಸ್ಪತ್ರೆಗೆಂದೋ ಕೋರ್ಟಿಗೆಂದೋ ಬಂದವರು ನನ್ನ ಕೋಣೆಯಲ್ಲೇ ಇಳಿಯುತ್ತಿದ್ದರು. ಚಾಪೆಯ ಮೇಲೆ ಐವರು ಮಲಗಿದ್ದೂ ಉಂಟು. ಬೆಳಗ್ಗೆ ನಾಲ್ಕು ಗಂಟೆಗೆದ್ದು ಬಾವಿಯಿಂದ ಇಪ್ಪತ್ತು ಕೊಡ ಸೇದಿ ತೊಟ್ಟಿ ತುಂಬಿಸಿದರೆ ನನ್ನ ಉಪಚಾರ ಮುಗಿಯುತ್ತಿತ್ತು. ಊಟಕ್ಕೆ ಹೋಟೆಲು. ಬಡತನವಿತ್ತು, ಆದರೆ ಯಾರಿಗೂ 'ಈಗ ಬರಬೇಡಿ' ಎಂದ ನೆನಪಿಲ್ಲ. ಐವತ್ತು ವರ್ಷದ ಮೇಲೆ, ಸ್ವಂತ ಮನೆ, ನೆಂಟರಿಗೆಂದೇ ಒಂದು ಕೋಣೆ ಎಲ್ಲ ಆದ ಮೇಲೆ, ಹಾಗೆಂದೆ.

ಗೆಳೆಯನೂ ಅವನ ಹೆಂಡತಿಯೂ ಬಸ್ಸಿನಿಂದ ಇಳಿದರು. ಒಂದು ಹಲಸಿನ ಹಣ್ಣು, ಕಾಳುಮೆಣಸು, ಕಾಫಿಪುಡಿ, ಮಿಡಿ ಉಪ್ಪಿನಕಾಯಿಯ ಜಾಡಿ. ಮನೆಗೆ ಬಂದು ಚಪ್ಪಲಿ ಬಿಟ್ಟ ಆಕೆ ಅಭ್ಯಾಸಬಲದಿಂದ ಬಾಗಿಲ ಪಕ್ಕದಲ್ಲಿ ಕಣ್ಣಾಡಿಸಿದರು. ಅಲ್ಲಿ ಹಂಡೆಯಿರಲಿಲ್ಲ. ನನ್ನ ಹೆಂಡತಿ ಅವರನ್ನು ಬಚ್ಚಲಿಗೆ ಕರೆದೊಯ್ದು, ಯಾವ ಬಕೆಟ್ಟು ಯಾವುದಕ್ಕೆ ಎಂಬುದನ್ನು ತಡವರಿಸುತ್ತ ವಿವರಿಸಿದಳು. ಒಳಗಿನಿಂದ ಮಾತು ಕೇಳಿಸುತ್ತಿತ್ತು. ನಾನು ವರ್ತಮಾನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೆ. ಹೊರಗೆ ಬಂದ ಗೆಳೆಯ ಕಾಲು ಒರೆಸಿಕೊಳ್ಳುತ್ತ ನಕ್ಕು, 'ಅಲ್ಲ ಮಾರಾಯ, ನಮ್ಮ ಹೊಳೆಯ ನೀರನ್ನು ನಮಗೇ ಅಳೆದು ಕೊಡುತ್ತೀಯಲ್ಲ!' ಎಂದ.

ನಾನು ಅವಾಕ್ಕಾದೆ. ಮೂವತ್ತು ವರ್ಷ ನಕ್ಷೆಯ ಮುಂದೆ ಕೋಲು ಹಿಡಿದು ನಿಂತವನಿಗೆ ಹೊಳೆಯದ ಸಂಗತಿ, ತೋಟದವನಿಗೆ ಬಚ್ಚಲಿನಲ್ಲಿ ಹೊಳೆದಿತ್ತು.

ಅವನ ಮಾತು ತಮಾಷೆಯಾದರೂ ಸುಳ್ಳಲ್ಲ. ಬಣಕಲ್ಲಿನಿಂದ ಚಾರ್ಮಾಡಿಯ ಕಡೆ ಹೋದರೆ ಕೊಟ್ಟಿಗೆಹಾರ. ಅಲ್ಲಿಂದ ಬಲಕ್ಕೆ ತಿರುಗಿದರೆ ಜಾವಳಿ, ಅದರ ಆಚೆ ಬಲ್ಲಾಳರಾಯನ ದುರ್ಗ. ಆ ಬೆಟ್ಟದ ಬೆನ್ನಿನ ಒಂದು ಬದಿಗೆ ಬಿದ್ದ ಮಳೆ ಬಂಡಾಜೆಯ ಅರ್ಬಿಯಾಗಿ ಧುಮುಕಿ ನೇತ್ರಾವತಿಯನ್ನು ಕೂಡಿ ಪಡುವಣ ಕಡಲಿಗೆ ಹೋಗುತ್ತದೆ. ಇನ್ನೊಂದು ಬದಿಯಲ್ಲಿ, ಜಾವಳಿಯ ಬಳಿ, ಹೇಮಾವತಿ ಹುಟ್ಟುತ್ತಾಳೆ. ಒಂದು ಮಾರು ಆಚೀಚೆಯಾದರೆ ಸಾಕು, ಒಂದೇ ಮೋಡದ ಎರಡು ಹನಿಗಳಿಗೆ ಎರಡು ಸಮುದ್ರ. ಬಣಕಲ್ ಸುತ್ತಿನ ಹಳ್ಳಗಳು ಹೇಮಾವತಿಯ ಬಳಗದವು. ನನ್ನ ತಾಯಿಯ ಬಚ್ಚಲಿನ ಕಲ್ಲುಬಾನಿ ತುಂಬಿ ಹೊರಚೆಲ್ಲಿದ ನೀರು ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ, ಹಳ್ಳದಿಂದ ಆ ನದಿಗೆ. ಅಲ್ಲಿಂದ ಸಕಲೇಶಪುರ, 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟು, ಹೊಳೆನರಸೀಪುರ, ಅಕ್ಕಿಹೆಬ್ಬಾಳನ್ನು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯ ಸಂಗಮ. ಸುಮಾರು 245 ಕಿಲೋಮೀಟರಿನ ಓಟ. ಆಮೇಲೆ ಶ್ರೀರಂಗಪಟ್ಟಣ, ಶಿವನಸಮುದ್ರ, ಕೊಳವೆ, ಪಂಪು, ನಮ್ಮ ಮನೆಯ ನಲ್ಲಿ. ನಾವು 'ಕಾವೇರಿ ನೀರು' ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಹೇಮಾವತಿಯ ಪಾಲೂ ಉಂಟು. ಅದರಲ್ಲಿ ಬಣಕಲ್ಲಿನ ಪಾಲು ಒಂದು ಚೊಂಬಿನಷ್ಟೋ ಒಂದು ಹನಿಯಷ್ಟೋ ಇರಬಹುದು. ಲೆಕ್ಕ ಎಷ್ಟೇ ಆಗಲಿ, ಊರು ಬಿಟ್ಟು ಬಂದ ನಾನು ಐವತ್ತು ವರ್ಷ ಊರಿನ ನೀರನ್ನೇ ಕುಡಿಯುತ್ತಿದ್ದೆ.

ಮಧ್ಯಾಹ್ನದ ಊಟದ ಮೇಲೆ ಈ ವಿಷಯವನ್ನೇ ಮುಂದುವರಿಸಿ, ಗೆಳೆಯನಿಗೆ ಕಾವೇರಿ ವ್ಯಾಜ್ಯದ ಒಂದು ಪ್ರಸಂಗವನ್ನು ಹೇಳಿದೆ. ಬೆಂಗಳೂರು ದಿಬ್ಬದ ಮೇಲಿನ ಊರು. ಅದರ ಮೂರನೆಯ ಒಂದು ಭಾಗದ ನೀರು ಮಾತ್ರ ಕಾವೇರಿಯ ಕೊಳ್ಳಕ್ಕೆ ಇಳಿಯುತ್ತದೆ. ಉಳಿದದ್ದು ದಕ್ಷಿಣ ಪಿನಾಕಿನಿಯ ಕಡೆಗೆ. 2007ರಲ್ಲಿ ಕಾವೇರಿ ನ್ಯಾಯಾಧಿಕರಣವು ಅಂತಿಮ ತೀರ್ಪು ಕೊಟ್ಟಾಗ ನಗರದ ಆ ಮೂರನೆಯ ಒಂದು ಭಾಗದ ಬಾಯಾರಿಕೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ನದಿಯ ಮನೆಯಲ್ಲಿ ಉಳಿದ ಬೆಂಗಳೂರು ಕರೆಯದೆ ಬಂದ ನೆಂಟನಂತಾಗಿತ್ತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಇಡೀ ನಗರವನ್ನು ಒಂದೆಂದು ಪರಿಗಣಿಸಿ, ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ 14.75 ಟಿಎಂಸಿ ನೀರಿನಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ಅಗತ್ಯಕ್ಕೆಂದು ಹೇಳಿತು. ಗೆಳೆಯ ಎಲ್ಲವನ್ನೂ ಕೇಳಿ, 'ಅಂದರೆ ಕೋರ್ಟಿಗೆ ಹೋಗಿ ಒಂದು ಚೊಂಬು ನೀರು ಕೇಳಿದಿರಿ ಎನ್ನು' ಎಂದ. ನನ್ನ ಉಪನ್ಯಾಸವೆಲ್ಲ ಆ ಒಂದು ವಾಕ್ಯದಲ್ಲಿ ಅಡಗಿತು.

ಭಾನುವಾರ ಬೆಳಗಾಗುವ ಮೊದಲೇ ನಾಲ್ವರೂ ಲಾಲ್‌ಬಾಗಿಗೆ ಹೋದೆವು. 1889ರ ಗಾಜಿನ ಮನೆಯನ್ನು ನೋಡಿ, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ ಅದು; ಊರಿನ ಗಡಿ ಇದನ್ನು ಮೀರಲಾರದೆಂದು ಗೋಪುರ ನಿಲ್ಲಿಸಿದರೆಂಬ ಪ್ರತೀತಿ. ನಾಲ್ಕು ದಿಕ್ಕಿಗೂ ಕಣ್ಣು ಹಾಯುವಷ್ಟು ದೂರ ಮನೆಗಳು, ಮನೆಗಳ ಮೇಲೆ ಕಪ್ಪು ಪ್ಲಾಸ್ಟಿಕ್ ತೊಟ್ಟಿಗಳು. 2011ರ ಜನಗಣತಿಯಲ್ಲೇ 84 ಲಕ್ಷ ಮಂದಿ. ಗೆಳತಿ ಬಹಳ ಹೊತ್ತು ಆ ತೊಟ್ಟಿಗಳನ್ನೇ ನೋಡಿ, 'ಇಷ್ಟು ಜನಕ್ಕೂ ದಿನಾ ಬೆಳಗ್ಗೆ ಯಾರು ನೀರು ಕಾಯಿಸುತ್ತಾರೋ' ಎಂದರು. ಎಲ್ಲರೂ ನಕ್ಕೆವು. ಆದರೆ ಅದೂ ಒಂದು ಲೆಕ್ಕವೇ. ಆಗ ನಾಲ್ಕು ಹಂತಗಳಲ್ಲಿ ದಿನಕ್ಕೆ ಸುಮಾರು 145 ಕೋಟಿ ಲೀಟರು ಕಾವೇರಿ ನೀರು ನಗರಕ್ಕೆ ಬರುತ್ತಿತ್ತು. ಆದರೂ ಹೊರವಲಯದ ಹಳ್ಳಿಗಳಲ್ಲಿ ಟ್ಯಾಂಕರಿನ ಹಿಂದೆ ಕೊಡಗಳ ಸಾಲು. ನಾನು ದಿನ ಬಿಟ್ಟು ದಿನವಾದರೂ ನಲ್ಲಿ ತಿರುಗಿಸಬಲ್ಲ ಭಾಗ್ಯವಂತ. ಬೆಂಗಳೂರಿನ ಹೊಸ ಮನೆಗಳನ್ನು ಕಟ್ಟುವ ಕೂಲಿಗಳಿಗೆ ಆ ಭಾಗ್ಯವೂ ಇರಲಿಲ್ಲ.

ಆ ಮಧ್ಯಾಹ್ನ ನಗರದ ಉಷ್ಣಾಂಶ 38.5 ಡಿಗ್ರಿಗೆ ಏರಿತೆಂದು ಮಾರನೆಯ ದಿನ ಓದಿದೆವು. 2016ರ ಏಪ್ರಿಲಿನ 39.2ನ್ನು ಬಿಟ್ಟರೆ ಬೆಂಗಳೂರು ಏಪ್ರಿಲಿನಲ್ಲಿ ಅಷ್ಟು ಕಾದದ್ದು ಅಪರೂಪ. ಬೇಸಗೆ ಕಳೆಯಲೆಂದು ಮದರಾಸಿನವರು ಬರುತ್ತಿದ್ದ ಊರಿದು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟೋಣವೆಂದರೆ ಒದ್ದೆ ಮಾಡುವುದು ಯಾವ ಬಕೆಟ್ಟಿನಿಂದ? ಫ್ಯಾನಿನ ಕೆಳಗೆ ನೆಲದ ಮೇಲೆ ಮಲಗಿ ನಾನೂ ಗೆಳೆಯನೂ ಮಾತಾಡುತ್ತಿದ್ದೆವು. ನಾನು ಸಂಕೋಚವನ್ನು ಬಿಟ್ಟು, ಅಂದು ಫೋನಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಕಥೆ ಹೇಳಿದ. ಕಾಫಿಯ ಮೊಗ್ಗು ಗಿಡದಲ್ಲಿ ಕಾಯುತ್ತ ಕುಳಿತಿರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಒಂದು ಅಂಗುಲ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಕಂಪು ಹಬ್ಬುತ್ತದೆ. ಅದು ಹೂಮಳೆ. ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆಯಾದರೆ ಕಾಯಿ ನಿಲ್ಲುತ್ತದೆ. ಅದನ್ನು ಬೆಳೆಗಾರರು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಎರಡೂ ಬಾರದಿದ್ದರೆ ರೊಬಸ್ಟಾ ಗಿಡಕ್ಕೆ ಆ ವರ್ಷ ಫಸಲಿಲ್ಲ. ಅದಕ್ಕೇ ಅನುಕೂಲವಿದ್ದವರು ಹಳ್ಳಕ್ಕೆ ಮೋಟರು ಇಟ್ಟು ತುಂತುರು ನೀರು ಹಾಯಿಸುತ್ತಾರೆ. ಆ ವರ್ಷ ಮಳೆ ಬಾರದು, ರೊಬಸ್ಟಾಕ್ಕೋ ಹಿಂದೆಂದೂ ಇಲ್ಲದ ಬೆಲೆ. 'ನಾನೂ ಇಟ್ಟೆ. ಹಗಲು ರಾತ್ರಿ ಎಳೆದೆ. ಕೊನೆಗೆ ಹಳ್ಳದ ಗುಂಡಿಯಲ್ಲಿ ಮೀನು ಹೊರಳಾಡುವುದು ಕಾಣಿಸಿತು. ಮೇಲಿನ ತೋಟದವರು ಎಳೆದು ಬಿಟ್ಟದ್ದನ್ನು ನಾನು ಎಳೆದೆ, ನಾನು ಬಿಟ್ಟದ್ದನ್ನು ಕೆಳಗಿನವರು. ನಿನ್ನ ನಲ್ಲಿಗೆ ಬರಬೇಕಾದ್ದನ್ನು ನಾನು ಹೂವಿಗೆ ಕೊಟ್ಟೆ ಮಾರಾಯ. ನಿನ್ನೆ ತಮಾಷೆ ಮಾಡಿದೆನಲ್ಲ, ರಾತ್ರಿ ಅದೇ ಯೋಚನೆಯಾಗಿ ನಿದ್ದೆ ಬರಲಿಲ್ಲ' ಎಂದ.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬೆಟ್ಟ ಕೊಡುವುದು, ಪಟ್ಟಣ ಪಡೆಯುವುದು ಎಂದು ಮನಸ್ಸಿನಲ್ಲಿ ಒಂದು ಪಾಠ ಸಿದ್ಧಪಡಿಸಿಕೊಂಡಿದ್ದೆ. ಚರಿತ್ರೆಯ ಮೇಷ್ಟರಿಗೆ ಇಂಥ ಎರಡು ಬದಿಯ ಪಾಠ ಬಹು ಪ್ರಿಯವಾದದ್ದು. ಅದು ಅರ್ಧಸತ್ಯವೆಂದು ಗೆಳೆಯ ತೋರಿಸಿದ. ನಮ್ಮ ತಾಯಂದಿರು ಚೊಂಬನ್ನು ಅಳೆಯದೆ ಕೊಟ್ಟದ್ದು ಅವರ ಹೃದಯದ ದೊಡ್ಡತನ ನಿಜ; ಮೇಲಿನ ಮನೆಯವರು ಒರತೆಯ ಬಾಯಿಗೆ ಕಲ್ಲಿಡದೆ ಇದ್ದದ್ದೂ ಅದಕ್ಕೆ ಕಾರಣವೇ. ಹರಿಯುವ ನೀರಿನ ದಂಡೆಯ ಮೇಲೆ ಪ್ರತಿಯೊಬ್ಬನೂ ಮೇಲಿನವನಿಗೆ ನೆಂಟ, ಕೆಳಗಿನವನಿಗೆ ಯಜಮಾನ. ಅರವಟ್ಟಿಗೆಗೆ ಭೂಮಿ ಬಿಟ್ಟವರಿಗೆ ಇದು ತಿಳಿದಿತ್ತೆಂದು ತೋರುತ್ತದೆ. ನಮಗೆ ಕೊಳವೆಯೂ ಮೋಟರೂ ಬಂದ ಮೇಲೆ ಮೇಲಿನವನ ಮುಖವೂ ಕೆಳಗಿನವನ ಮುಖವೂ ಕಾಣದಾದವು. ಗೆಳೆಯ ಆರು ವರ್ಷದ ಮೇಲೆ ನೋಡಲು ಬಂದಿದ್ದ. ಆ ಎರಡು ದಿನದಲ್ಲಿ ನಮಗೆ ಪರಸ್ಪರರ ಮುಖ ಕಂಡಿತು.

ಭಾನುವಾರ ರಾತ್ರಿ ಅವರನ್ನು ಬಸ್ಸು ಹತ್ತಿಸಿ ಬಂದೆ. ಸೋಮವಾರ ನೀರು ಬರುವ ದಿನ. ನನ್ನ ಹೆಂಡತಿ ಬಚ್ಚಲಿಗೆ ಹೋದವಳು ನನ್ನನ್ನು ಕರೆದು ತೋರಿಸಿದಳು: ನೆಂಟರಿಗೆಂದು ತೆಗೆದಿಟ್ಟಿದ್ದ ಎರಡು ಬಕೆಟ್ಟುಗಳಲ್ಲಿ ಒಂದು ಹಾಗೆಯೇ ತುಂಬಿತ್ತು. ಇಬ್ಬರೂ ಎರಡು ದಿನವೂ ಒಂದರಲ್ಲೇ ಮುಗಿಸಿದ್ದರು. ಅದನ್ನು ಕಂಡು ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ.

ಮೇ ಮೊದಲ ವಾರದಲ್ಲಿ ಬೆಂಗಳೂರಿಗೆ ಮಳೆ ಬಂತು. ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಪ್ರಾರಂಭವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77 ಕೋಟಿ 50 ಲಕ್ಷ ಲೀಟರು. ಮೊದಲ ಹಂತದ ಐದು ಪಟ್ಟಿಗೂ ಮಿಗಿಲು. ಬಕೆಟ್ಟುಗಳ ಹೆಸರುಗಳು ನಮ್ಮ ಮನೆಯಲ್ಲಿ ನಿಧಾನವಾಗಿ ಅಳಿಸಿಹೋದವು. ಹಾಗೆ ಅಳಿಸಿಹೋದದ್ದು ಒಳ್ಳೆಯದೋ ಅಲ್ಲವೋ ಹೇಳಲಾರೆ.

ಈ ನಡುವೆ ಜುಲೈ ತಿಂಗಳಿನಲ್ಲಿ ನಾವಿಬ್ಬರೂ ಬಣಕಲ್ಲಿಗೆ ಹೋಗಿದ್ದೆವು. ಕೊಡೆಗೆ ಬಗ್ಗದ ಮಳೆ. ಹಳ್ಳ ಕೆಂಪಗೆ ದಡ ಮೀರಿ ಹರಿಯುತ್ತಿತ್ತು. ಏಪ್ರಿಲಿನಲ್ಲಿ ಅಲ್ಲಿ ಮೀನು ಹೊರಳಿದ್ದವೆಂದರೆ ನಂಬಲಾಗದು. ಗೆಳೆಯನ ಮನೆಯ ಜಗಲಿಯಲ್ಲಿ ಹಂಡೆ, ಹಂಡೆಯ ಮೇಲೆ ಚೊಂಬು. ಮಳೆಯಲ್ಲಿ ತೊಯ್ದು ಬಂದ ಕಾಲಿಗೂ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ನಾನು ಚೊಂಬನ್ನು ಬಗ್ಗಿಸಿ ಎರಡು ಕಾಲುಗಳನ್ನೂ ತೊಳೆದುಕೊಂಡು ನೋಡಿದರೆ ಅರ್ಧ ಚೊಂಬು ಉಳಿದಿತ್ತು. ಗೆಳತಿ ಬಾಗಿಲಲ್ಲಿ ನಿಂತು, 'ಧಾರಾಳವಾಗಿ ಹಾಕಿಕೊಳ್ಳಿ, ಇಲ್ಲಿ ಯಾರೂ ಅಳೆಯುವುದಿಲ್ಲ' ಎಂದರು. ಆದರೂ ಕೈ ಬರಲಿಲ್ಲ. ಉಳಿದದ್ದನ್ನು ಹಂಡೆಗೇ ಹಿಂದಕ್ಕೆ ಸುರಿದು, ಬೆಲ್ಲ ನೀರಿನ ತಟ್ಟೆಯ ಮುಂದೆ ಹೋಗಿ ಕುಳಿತೆ.